ನೀರೊಳಗಿನ ಎಮ್ಮೆ

ಲೋವೆಸ್ಟಾಫ್ಟ್‌ಗೆ ಬೆಳಕು ಬೇಗ ಬರುತ್ತದೆ,
ಮೀನು ತಡವಾಗಿ.
ಹರಾಜುಕಟ್ಟೆಯಲ್ಲಿ ಇವತ್ತು ಎಂಟೇ ಪೆಟ್ಟಿಗೆ,
ಅದರಲ್ಲೂ ಮಂಜುಗಡ್ಡೆಯೇ ಹೆಚ್ಚು.

ನಾನು ಕಾಡ್ ಮೀನಿನ ತಲೆ ಸೀಳಿ
ಕಿವಿಗಲ್ಲು ತೆಗೆಯುವವಳು.
ಹುಣಸೆಬೀಜದಷ್ಟು ಬಿಳಿ ಕಲ್ಲು;
ಮುರಿದು ದೀಪಕ್ಕೆ ಹಿಡಿದರೆ ಒಳಗೆ ಬಳೆಗಳು,
ಚಳಿಗಾಲಕ್ಕೊಂದು.
ಎಣಿಸುತ್ತೇನೆ, ಬರೆಯುತ್ತೇನೆ, ಕಂಪ್ಯೂಟರಿಗೆ ಉಣಿಸುತ್ತೇನೆ.
ಅದು ರಾತ್ರಿಯಿಡೀ ಮೆಲುಕು ಹಾಕಿ
ಕಡಲಲ್ಲಿ ಎಷ್ಟು ಉಳಿದಿದೆ ಎಂದು ಬೆಳಿಗ್ಗೆ ಹೇಳುತ್ತದೆ:
ಇಷ್ಟರಿಂದ ಇಷ್ಟರವರೆಗೆ.

ನೀರೊಳಗಿನ ಎಮ್ಮೆಗೆ ವ್ಯಾಪಾರ ಅಂತಾರೆ ನಮ್ಮಲ್ಲಿ,
ಹೆಡ್ಲಿ ಅಟಿಂಗ್‌ಗೆ ಹೇಳಿದೆ.
ಐವತ್ತು ವರ್ಷ ಬಲೆ ಎಳೆದ ಕೈಯಲ್ಲಿ ಚಹಾ ಹಿಡಿದು ಕೇಳಿದ:
"ಎಮ್ಮೆ ಮುಳುಗಿತೋ, ಈಜಿತೋ?"

ಅದೇ ಗೊತ್ತಿಲ್ಲ ಹೆಡ್ಲಿ.
ಸಹಜ ಸಾವು ಸೊನ್ನೆ ದಶಮಾಂಶ ಎರಡು ಎಂದು ಹಿಡಿದಿದ್ದೇವೆ.
ಹಿಡಿದವರು ಯಾರು, ಯಾವಾಗ, ಕೇಳಬೇಡ.
ಸೀಲು ತಿಂದದ್ದು, ಕಾಯಿಲೆ ಬಿದ್ದದ್ದು, ಸುಮ್ಮನೆ ಸತ್ತದ್ದು
ಎಲ್ಲ ಆ ಒಂದಂಕಿಯ ಚೀಲದಲ್ಲಿ.

ಇನ್ನೊಂದು ಮುಜುಗರ:
ಹೊಸ ವರ್ಷದ ಲೆಕ್ಕ ಸೇರಿಸಿದಾಗೆಲ್ಲ
ಹಳೆಯ ವರ್ಷಗಳ ಮೀನು ಕಮ್ಮಿಯಾಗುತ್ತದೆ.
ಹೋದ ಸಲ 'ಇದೆ' ಎಂದದ್ದು
ಈ ಸಲ 'ಇರಲೇ ಇಲ್ಲ'.
ಇಲ್ಲದ ಮೀನು ಹಿಡಿಯಲು ನಾವೇ ಚೀಟಿ ಬರೆದುಕೊಟ್ಟಿದ್ದೆವು.

ಹೆಡ್ಲಿಯ ನೆನಪು ಎದುರು ದಿಕ್ಕಿಗೆ ಹರಿಯುತ್ತದೆ.
ಎಪ್ಪತ್ತೊಂಬತ್ತರ ಮಾರ್ಚಿನ ಆ ಒಂದು ಬಲೆ
ಕ್ರಿಸ್‌ಮಸ್ಸಿನಲ್ಲಿ ನೂರು ಪೆಟ್ಟಿಗೆಯಿತ್ತು,
ಈಸ್ಟರಿಗೆ ನೂರಿಪ್ಪತ್ತು.
ನನ್ನ ಗೆರೆ ಇಳಿಯುತ್ತ, ಅವನದು ಏರುತ್ತ,
ನಡುವೆ ಎಲ್ಲೋ
ಆ ದಿನದ ನಿಜವಾದ ಮೀನು ಬಾಲ ಬಡಿಯುತ್ತಿರಬೇಕು.

ಕಿವಿಗಲ್ಲಿನ ಅರ್ಧ ತುಂಡು ಅವನ ಅಂಗೈಗಿಟ್ಟೆ,
ಭೂತಗನ್ನಡಿ ಕೊಟ್ಟೆ.
ಉಸಿರು ಬಿಗಿಹಿಡಿದು ನೋಡಿದ. "ಏಳು" ಎಂದ.
ನಾನು ಆರು ಬರೆದಿದ್ದೆ.
"ಅಂಚಿನದನ್ನ ಬಿಟ್ಟಿದ್ದೀಯ. ಮೊನ್ನೆ ಕಳೆದ ಚಳಿ ಅದು,
ನನ್ನ ಮೊಣಕಾಲಿಗೆ ಇನ್ನೂ ನೆನಪಿದೆ."

ಸಂಜೆ ತಿದ್ದಿದೆ. ಆರು ಅಳಿಸಿ ಏಳು.
ಯಂತ್ರ ಮತ್ತೆ ರಾತ್ರಿಯಿಡೀ ಮೆಲುಕು ಹಾಕಿತು.
ಬೆಳಿಗ್ಗೆ, ಇಡೀ ಉತ್ತರ ಸಮುದ್ರದ ಲೆಕ್ಕದಲ್ಲಿ,
ದಶಮಾಂಶದಾಚೆ ಐದನೆಯ ಮನೆಯಲ್ಲಿ
ಒಂದಂಕಿ ಅಲುಗಿತ್ತು,
ನೀರ ಮೇಲೆ ಬರೀ ಕಿವಿ ಕಾಣುವ ಎಮ್ಮೆ
ನೊಣಕ್ಕೆ ಕಿವಿ ಒದರಿದ ಹಾಗೆ.