ಎರಡೂ ಬದಿ ಜೆರಾಕ್ಸ್

ಜಗತ್ ಸರ್ಕಲಿಗೆ ಹೊಂದಿ, ಔಷಧ ಅಂಗಡಿಗೂ
ಮುಚ್ಚಿದ ಫೋಟೋ ಸ್ಟುಡಿಯೋಕೂ ನಡುವ ನನ್ನ ಅಂಗಡಿ.
ಒಂದು ಬದಿಗೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ಇಪ್ಪತ್ತೆರಡು ವರ್ಷ, ಈ ಊರಿನ ಹುಟ್ಟು, ಸಾವು, ಜಾತಿ, ಆದಾಯ
ಎಲ್ಲಾ ಈ ಗಾಜಿನ ಮ್ಯಾಲೆ ಬೋರಲು ಮಲಗಿ ಎದ್ದು ಹೋಗ್ಯಾವ.

ಇಖ್ಲಾಸ್ ಮೊದಲ ಸಲ ಬಂದಾಗ
ಪಾಸ್‌ಪೋರ್ಟಿನ ಬಣ್ಣ ನೋಡಿ "ಯಾವೂರವ್ವಾ?" ಅಂದೆ.
"ಸುಡಾನ್. ಖಾರ್ತೂಮ್ ಅಲ್ಲ, ಅದರಾಚಿ."
ನಾನೂ ಬೆಂಗಳೂರಾಗ ಹಿಂಗೇ ಹೇಳ್ತೀನಿ:
ಕಲಬುರಗಿ ಅಲ್ಲ, ಅದರಾಚಿ, ಆಳಂದ ಕಡಿ.

ಫಾರ್ಮಸಿ ಓದ್ತಾಳಂತ. ಯಾವಾಗ ಓದ್ತಾಳೋ.
ನಾ ಕಂಡಾಗೆಲ್ಲ ಕೈಯಾಗ ಅರ್ಜಿ.
ಮೊದಲ ವರ್ಷ ಕಾಲೇಜಿನ ಪತ್ರ, ನಾಕು ಫೋಟೋ ಸಾಕಿತ್ತು.
ಮರುವರ್ಷ ಮನಿ ಮಾಲಕರ ಕರಾರು, ಕರೆಂಟ್ ಬಿಲ್ಲು.
ಬಸಲಿಂಗಮ್ಮ ಬಿಲ್ಲು ಕೊಡಲಿಕ್ಕೆ ಅಂಜಿದ್ಲು,
ಅದು ಇನ್ನೂ ಸತ್ತ ಗಂಡನ ಹೆಸರಿನ್ಯಾಗ ಅದ.
ಈ ವರ್ಷ ಬ್ಯಾಂಕಿನ ಆರು ತಿಂಗಳ ಲೆಕ್ಕ ಬೇಕು,
ತಂದಿ ಲೆಕ್ಕ, ತಂದಿ ಊರಿನ ಬ್ಯಾಂಕಿನ ಮೊಹರು ಸಹಿತ.
"ಬ್ಯಾಂಕೇ ಉಳದಿಲ್ರಿ ಅಲ್ಲಿ," ಅಂದ್ಲು,
ಉಪ್ಪು ತೀರ್ಯಾದ ಅಂದಂಗ.

ಫೋಟೋದಾಗ ಎರಡೂ ಕಿವಿ ಕಾಣಬೇಕಂತ ಹೊಸ ಸಾಲು.
ಷಟರ್ ಅರ್ಧ ಎಳದು ನಾ ಹೊರಗ ಬಿಸಲಾಗ ನಿಂತೆ.
ಒಳಗ ಮಗಳು ತೆಗದ್ಲು. ಇಬ್ಬರೂ ಯಾಕೋ ನಗಲತಿದ್ರು.

ಶುಕ್ರವಾರ ಸಾಲಿನ್ಯಾಗ ನಿಂತು ಕೊಟ್ಟ ಗಂಟು
ಸೋಮವಾರ ತಿರುಗಿ ಬಂತು: ನಮೂನೆ ಹಳೇದು.
ಹೊಸದು ಹದಿನಾಕು ಹಾಳಿ, ಮೂರು ಪ್ರತಿ.
ಸುಳ್ಳ್ಯಾಕ ಹೇಳಲಿ, ಮನಸಿನ್ಯಾಗ ಗುಣಿಸಿದೆ.
ದಿಲ್ಲಿಯಾಗ ಯಾರೋ ಒಂದು ಸಾಲು ತಿದ್ದಿದ್ರ
ನನ್ನ ಗಲ್ಲಾದಾಗ ಚಿಲ್ಲರೆ ಬೀಳ್ತದ.

ಮಧ್ಯಾಹ್ನ ಕರೆಂಟ್ ಹೋಯ್ತು. ಡಬ್ಬಿ ಬಿಚ್ಚಿದೆ,
ರೊಟ್ಟಿ, ಪುಂಡಿಪಲ್ಯ. ಅರ್ಧ ಅಕಿಗೆ ಕೊಟ್ಟೆ.
ಮೂಸಿ ನೋಡಿದ್ಲು. "ಇದು ನಮ್ಮ ದುರ್ರಾ!
ನೀವು ಬಡೀತೀರಿ. ನಮ್ಮವ್ವ ಹುಳಿ ಬರಿಸಿ
ಹಂಚಿನ ಮ್ಯಾಲೆ ಹೊಯ್ದು, ಕಾಗದದಂಗ ತೆಳ್ಳಗ ಎಳೀತಾಳ.
ಈ ಕಾಳು ಹುಟ್ಟಿದ್ದೇ ನಮ್ಮ ಕಡಿ, ಗೊತ್ತೇನ್ರಿ?"
ನಮ್ಮ ಜೋಳ? ನಮ್ಮ ಮಾಲ್ದಂಡಿ?
"ಎಷ್ಟು ದಿನದ ಪರವಾನಗಿ ಮ್ಯಾಲೆ ಬಂದಿತ್ತಂತ?" ಅಂದೆ.

ಅಕಿ ನಗಲಿಲ್ಲ.
ರೊಟ್ಟಿ ಚೂರು ಮಾಡಿ ಮಾಡಿ ಹಾಳಿ ಮ್ಯಾಲೆ ಇಟ್ಟಳು,
ತಿನ್ನಲೂ ಇಲ್ಲ, ಬಿಡಲೂ ಇಲ್ಲ.
ನಾನೂ ಸುಮ್ಮನಾದೆ. ಫ್ಯಾನು ತಿರುಗೋತನಕ
ಇಬ್ಬರೂ ಮಷೀನು ನೋಡಿಕೊಂತ ಕುಂತೆವು.

ರೊಕ್ಕ ಬ್ಯಾಡ ಅಂದ್ರ ಕೇಳಲಿಲ್ಲ.
ಎಣಿಸಿ ಇಟ್ಟು ಹೋದ್ಲು, ಒಂದು ರೂಪಾಯಿ ಹೆಚ್ಚಿಗಿ.

ನಾಕೂವರಿಗೆ ಯಾರದೋ ಆಧಾರ್ ಇಡಲಿಕ್ಕೆ ಮುಚ್ಚಳ ಎತ್ತಿದೆ.
ಗಾಜಿನ ಮ್ಯಾಲೆ ಅಕಿ ಮರತ ಮೂಲ ಹಾಳಿ.
"ಸ್ವದೇಶಕ್ಕೆ ಮರಳುವ ದಿನಾಂಕ" ಅನ್ನೋ ಕಡಿ
ನೀಲಿ ಶಾಯಿಯಾಗ ಕೋರ್ಸ್ ಮುಗಿಯೋ ದಿನ.
ಅದರ ಕೆಳಗ, ಬೆಳಕಿಗೆ ಓರಿ ಹಿಡದ್ರ ಮಾತ್ರ,
ಪೆನ್ಸಿಲಿಂದ ಬರದು ಅಳಸಿದ್ದು ಕಾಣ್ತದ,
ಬಲದಿಂದ ಎಡಕ್ಕ ಹೋದ ಒಂದು ಗೀಟು ಅಕ್ಷರ.
ಪ್ರತಿಯೊಳಗ ಅದು ಬಂದಿಲ್ಲ. ಬರಂಗೂ ಇಲ್ಲ.

ಆಧಾರಿನವಗ ತಡಿ ಅಂದೆ.
ಆಫೀಸು ಐದೂವರಿಗೆ ಮುಚ್ತದ.
ಹಾಳಿ ಅಂಗಿಯೊಳಗ ಇಟ್ಟು ಸ್ಕೂಟರ್ ಒದ್ದೆ,
ಒಮ್ಮೆ, ಎರಡ್ಸಲ, ಮತ್ತೊಮ್ಮೆ.