ಬಿದಿರುಮೆಳೆಯ ಕೆಳಗೆ

ಮೊದಲು ಬಿದ್ದದ್ದು ಕಣ್ಣಿಗಲ್ಲ, ಕಿವಿಗೆ:
ಸರಕ್. ಆಮೇಲೆ ಏನಿಲ್ಲ. ಮತ್ತೆ ಸರಕ್.
ಜಾಲಹಳ್ಳಿಯ ಹಳೇ ಕಾರ್ಖಾನೆ ಕಾಂಪೌಂಡು,
ತುಕ್ಕು ಹಿಡಿದ ಗೇಟಿನ ಪಕ್ಕದ ಬಿದಿರುಮೆಳೆ.
ಓತಿಕೇತ ಇರಬೇಕು ಅಂದುಕೊಂಡೆ.
ಹೆಗ್ಗಣ ಅಂದುಕೊಂಡೆ.

ಇಪ್ಪತ್ತೆಂಟು ವರ್ಷ ಇದೇ ಗೋಡೆಯೊಳಗೆ
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಕೈಗಡಿಯಾರಕ್ಕೆ ಅರೆಸಾಸಿವೆಯಷ್ಟು ತಿರುಪು ಕೂರಿಸಿದವನು ನಾನು.
ದುರ್ಬೀನಿಗೆ ಎರಡು ಕಣ್ಣೂ ಬೇಕಂತೆ;
ಎಡಗಣ್ಣು ಇನ್ನೂ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅವತ್ತು ಕಂಡದ್ದು ಬರೀ ಒಂದು ಬಣ್ಣ,
ದರ್ಶಿನಿಯ ತಟ್ಟೆಯಂಚಿನಲ್ಲಿ ಆರಿಹೋದ ಕೇಸರಿಬಾತಿನದು.
ಪುಸ್ತಕ ತೆರೆಯುವಷ್ಟರಲ್ಲಿ
ನೆರಳು ಅದನ್ನು ಒಳಗೆ ಕರೆದುಕೊಂಡಿತ್ತು.

ಪಿಳ್ಳಮ್ಮ ಪೊರಕೆ ಕಂಕುಳಲ್ಲಿ ಇರುಕಿಕೊಂಡು ನಕ್ಕಳು:
"ಅದಾ? ಎಲೆ ಮಗುಚೋದು. ದಿನಾ ಬತ್ತದೆ.
ನೀವು ಅಲ್ಲಾಡಿದ್ರೆ ಅದು ಕಲ್ಲಾಯ್ತದೆ.
ನೀವೇ ಕಲ್ಲಾಗಿ, ಬತ್ತದೆ."

ಕಲ್ಲಾದೆ.
ಸೊಳ್ಳೆಗಳಿಗೆ ಮೊಣಕೈ ಬಿಟ್ಟುಕೊಟ್ಟೆ.
ಗೋಡೆಯಾಚೆ ಬಸ್ಸೊಂದು ಬ್ರೇಕು ಕಿರುಚಿ ನಿಂತು, ಹೋಯಿತು.

ಬಂತು. ಕುಪ್ಪಳಿಸಿ ನಿಂತಿತು. ತಲೆ ವಾರೆ.
ಬಿಳಿ ಕೆನ್ನೆಯ ಮೇಲಿಂದ ಕೆಳಕ್ಕೆ ಎರಡು ಕಪ್ಪು ಗೆರೆ,
ಆರೂವರೆಗೆ ನಿಂತುಹೋದ ಗಡಿಯಾರದ ಮುಳ್ಳುಗಳ ಹಾಗೆ.
ಬೂದುನೀಲಿ ಬೆನ್ನು,
ರೆಕ್ಕೆಯ ಹೆಗಲಿಗೆ ಸುಣ್ಣ ಸೋಕಿದಂಥ ಗೀಟು.
ಎಲೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆಸೆದು
ಕಾಯಿತು.
ಎಷ್ಟು ಹೊತ್ತು ಕಾಯಿತೆಂದರೆ ನನಗೇ ಉಸಿರು ಬೇಕಾಯಿತು.
ಆಮೇಲೆ ಎರೆಹುಳವನ್ನು
ಹರಿಯದಂತೆ, ನಿಧಾನ, ನೂಲಿನಂತೆ ಎಳೆಯಿತು.

ನೆಲಸಿಳ್ಳಾರ.
ಕಿತ್ತಳೆ ತಲೆಯ ನೆಲಸಿಳ್ಳಾರ!
ಹೆಸರು ಸಿಕ್ಕಿದ ಖುಷಿಗೆ ಕೆಮ್ಮಿಬಿಟ್ಟೆ.

ಮೇ ತಿಂಗಳ ಆಲಿಕಲ್ಲು ಮಳೆಯ ಮರುದಿನ
ಮೆಳೆಯೊಳಗೆ ಪಿಕಳಾರ ಕೂಗಿತು, ಟುವ್ವಿಹಕ್ಕಿ ಕೂಗಿತು,
ನಡುವೆ ಯಾರೋ ಸಿಳ್ಳೆ ಹಾಕಿದರು.
ಕೊಂಬೆಕೊಂಬೆ ಹುಡುಕಿದೆ, ಅವು ಯಾವುವೂ ಇಲ್ಲ.
ಇದೊಂದೇ, ಗಂಟಲು ಉಬ್ಬಿಸಿಕೊಂಡು,
ಸಾಲ ತಂದ ದನಿಗಳನ್ನೆಲ್ಲ
ತನ್ನವೇ ಎಂಬಂತೆ ಖರ್ಚು ಮಾಡುತ್ತಿತ್ತು.

ಕಂಟ್ರಾಕ್ಟರು ಮೊನ್ನೆ ಫೋಟೋ ಕೇಳಿದನಂತೆ,
ಒಂದು ತರಗೆಲೆಯೂ ಕಾಣಬಾರದು.
ಪಿಳ್ಳಮ್ಮ ರಸ್ತೆ ಗುಡಿಸಿದಳು, ಗೇಟು ಗುಡಿಸಿದಳು,
ಮೆಳೆಯ ಬುಡಕ್ಕೆ ಬಂದವಳು
ಸೆರಗಿಂದ ಮುಖ ಒರೆಸಿಕೊಂಡು ಹಿಂದಿರುಗಿದಳು.
"ಅಲ್ಲಿ ಕಸ ಎಲ್ಲೈತೆ ಬುಡಿ," ಅಂದಳು,
ನಾನು ಏನೂ ಕೇಳಿರಲಿಲ್ಲ.

ಇವತ್ತು ಮತ್ತೆ ಬಂದಿತ್ತು.
ನೋಟುಬುಕ್ಕಿನಲ್ಲಿ ಬರೆದೆ: ಒಂದು ಹಕ್ಕಿ, ಬಿದಿರ ಕೆಳಗೆ,
ತಾರೀಖು, ಹೊತ್ತು...
ಹೊತ್ತಿಗೆ ಮಣಿಕಟ್ಟು ನೋಡಿಕೊಂಡರೆ
ಕೀಲಿ ಕೊಡುವುದನ್ನೇ ಮರೆತಿದ್ದೆ.