ಮುಂದೆ ದಾರಿಯಿಲ್ಲ

ನಕ್ಷೆಯಲ್ಲಿ ರಸ್ತೆ ಮುಗಿಯುವಲ್ಲಿ ಒಂದು ಸೊನ್ನೆ ಬರೆಯಬೇಕು,
ಕಾರು ತಿರುಗಿಸಿಕೊಳ್ಳಲಿಕ್ಕೆ.
ಹತ್ತೊಂಬತ್ತು ವರ್ಷ ಆ ಸೊನ್ನೆಗಳನ್ನು ಬರೆದವನು ನಾನು.
ಸುಂಕೇರಿಯ ಆಚೆ, ಗದ್ದೆಗೆ ಕೆಂಪು ಮಣ್ಣು ಬಿದ್ದ ಹಾಗೆಲ್ಲ
ಒಂದೊಂದು ಲೇಔಟಿಗೆ ಒಂದೊಂದೇ ಬಾಗಿಲು,
ಎಲ್ಲ ಬಾಗಿಲೂ ಹೆದ್ದಾರಿಗೆ.

ಶೇವಂತಿ ತಾಂಡೇಲ ಒಂದು ದಿನ ಟೇಬಲ್ಲಿನೆದುರು ನಿಂತಳು.
ಬುಟ್ಟಿ ಹೊರಗೆ ಮೆಟ್ಟಿಲ ಮೇಲೆ, ಕಣ್ಣು ಬೆಕ್ಕಿನ ಮೇಲೆ.
"ಸಾಹೇಬರೆ, ಮೇಸ್ತರ ಮನೆಯ ಒಗ್ಗರಣೆಗೆ
ಮರಿಯಾಣಬಾಯಿ ಸೀನುತ್ತಾಳೆ, ಅಷ್ಟು ಹತ್ತಿರ.
ನಾನು ಇಲ್ಲಿ ಬಂಗಡೆ ಕೊಟ್ಟು ಅಲ್ಲಿ ಮುಟ್ಟುವುದರೊಳಗೆ
ಬರ್ಫು ನೀರಾಗಿ ಕುತ್ತಿಗೆಗೆ ಇಳಿದಿರುತ್ತದೆ."

ಸ್ಕೇಲು ಇಟ್ಟು ನೋಡಿದೆ.
ಹಿತ್ತಲಿಂದ ಹಿತ್ತಲಿಗೆ ಹದಿನಾಲ್ಕು ಮೀಟರು.
ರಸ್ತೆ ಹಿಡಿದರೆ, ಹೆದ್ದಾರಿಗಿಳಿದು, ಟ್ಯಾಂಕರುಗಳಿಗೆ ಹಾದಿ ಬಿಟ್ಟು,
ಡಿವೈಡರು ತುಂಡಾಗುವ ತನಕ ನಡೆದು, ತಿರುಗಿ ಬಂದು:
ಒಂದು ಮುಕ್ಕಾಲು ಕಿಲೋಮೀಟರು.

"ಮೊದಲು ದಣಪೆಯಿತ್ತು" ಎಂದಳು.

ದಣಪೆ. ನಮ್ಮ ಚಿಹ್ನೆಗಳ ಪಟ್ಟಿಯಲ್ಲಿ ಅದಕ್ಕೆ ಗುರುತಿಲ್ಲ.
ಬಾವಿಗುಂಟು, ಗುಡಿಗುಂಟು, ಬಾಂದುಕಲ್ಲಿಗುಂಟು.
ಮನುಷ್ಯ ದಾಟಿ ದನ ದಾಟದ
ಬೇಲಿಯ ನಡುವಿನ ಎರಡು ಗೂಟಕ್ಕೆ ಇಲ್ಲ.

ನಾನು ಸೈಕಲ್ ಕಲಿತದ್ದು ಕೋಡಿಬಾಗದ ಓಣಿಗಳಲ್ಲಿ.
ಮದುವೆ ಚಪ್ಪರ ಒಂದನ್ನು ಮುಚ್ಚಿದರೆ ಇನ್ನು ಮೂರು ತೆರೆದಿರುತ್ತಿದ್ದವು,
ಬ್ರೇಕು ಹಿಡಿಯದಿದ್ದರೂ ಯಾವುದೋ ತಿರುವು ಕೈ ಹಿಡಿಯುತ್ತಿತ್ತು.
ಅಲ್ಲಿ ಯಾರೂ ನಕ್ಷೆ ಹಾಕಿರಲಿಲ್ಲ.
ನಕ್ಷೆ ಹಾಕುವವರು ಯಾರೂ ತಲೆಯ ಮೇಲೆ ಬುಟ್ಟಿ ಹೊತ್ತವರಲ್ಲ.
ನಾನೂ ಅಲ್ಲ.
ಅವ್ವ ಹೊತ್ತಿದ್ದಳು. ಅದು ಬೇರೆ ಮಾತು.

ಕಳೆದ ತಿಂಗಳು ದೂರು ಬಂತು:
ಪಾಗಾರ ಒಡೆದಿದ್ದಾರೆ, ಕ್ರಮ ಕೈಗೊಳ್ಳಿ.
ಟೇಪು ಹಿಡಿದು ಹೋದೆ.
ಚಿರೆಕಲ್ಲು ಮೂರು ಸಾಲು ಮಾಯ.
ಈಚೆಗೆ ಬೋರಲು ಹಾಕಿದ ಮೀನಿನ ಕ್ರೇಟು,
ಆಚೆಗೆ ಯಾರದೋ ಹಳೆಯ ರುಬ್ಬುಕಲ್ಲು.
ಕಲ್ಲಿನ ಅಂಚು ಆಗಲೇ ನುಣುಪು.

ನಾನಿರುವಾಗಲೇ ಒಬ್ಬ ಹುಡುಗ
ಟ್ಯೂಷನ್ನಿನ ಚೀಲ ಆಚೆಗೆಸೆದು ತಾನೂ ಹಾರಿದ.
ಮೇಸ್ತರು ಹಿತ್ತಲ ಬಾಗಿಲಲ್ಲಿ ನಿಂತು
ಕರಿಬೇವಿನ ಗಿಡವನ್ನು ಬಹಳ ಹೊತ್ತು ನೋಡಿದರು.

ಅಗಲ: ಎರಡಡಿ ಒಂದಿಂಚು. ಬರೆದುಕೊಂಡೆ.
ಕಾರಣ: ಮಳೆಗೆ ಕುಸಿದದ್ದು.
ದುರಸ್ತಿಗೆ ಅಂದಾಜು ಪಟ್ಟಿ ಆಗಬೇಕು,
ಅದು ನನ್ನ ಟೇಬಲ್ಲಿಗೇ ಬರಬೇಕು.

ಬರಲಿ.